ಮಾಂಟೆಸ್ಸರಿ: ಯುಕೆಜಿಗೆ ಮುಗಿಯುವ ಪಾಠವಲ್ಲ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಹೆತ್ತವರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಈ ನಾಲ್ಕೂ ಪಟ್ಟಣಗಳ ಬಸ್ ನಿಲ್ದಾಣದ ಸುತ್ತ, ವಿದ್ಯುತ್ ಕಂಬಗಳ ಮೇಲೆ, ಆಟೋಗಳ ಹಿಂಬದಿಯಲ್ಲಿ ಒಂದು ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ. ಆ ಪದ ಮಾಂಟೆಸ್ಸರಿ. ಅದು ಒಬ್ಬ ಮಹಿಳೆಯ ಹೆಸರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಎಲ್‌ಕೆಜಿ, ಯುಕೆಜಿಗೆ ಇರುವ ಇನ್ನೊಂದು ಹೆಸರೆಂದೇ ನಾವು ಭಾವಿಸಿದ್ದೇವೆ. ಫಲಕದಲ್ಲಿ ಆ ಪದವಿದ್ದರೆ ಶುಲ್ಕ ಸ್ವಲ್ಪ ಹೆಚ್ಚು, ಸಮವಸ್ತ್ರಕ್ಕೆ ಟೈ ಕಡ್ಡಾಯ, ಮಗು ಬೇಗ ಇಂಗ್ಲಿಷ್ ಮಾತನಾಡುತ್ತದೆ ಎಂಬ ಭರವಸೆ. ಹಣ್ಣಿನ ತಳ್ಳುಗಾಡಿಯವರು, ಗ್ಯಾರೇಜಿನವರು, ಮರದ ಮಿಲ್ಲಿನಲ್ಲಿ ದುಡಿಯುವವರು ಇದಕ್ಕಾಗಿ ಒಡವೆ ಅಡವಿಟ್ಟು ಜೂನ್ ತಿಂಗಳ ಮೊದಲ ಕಂತು ಕಟ್ಟುತ್ತಾರೆ. ಮಕ್ಕಳ ಮೇಲಿನ ಅವರ ಪ್ರೀತಿಯನ್ನು ನಾವು ಪ್ರಶ್ನಿಸುವುದಿಲ್ಲ. ಆ ಹಣಕ್ಕೆ ಅವರಿಗೆ ಸಿಗುತ್ತಿರುವುದೇನು ಎಂಬುದಷ್ಟೇ ನಮ್ಮ ಪ್ರಶ್ನೆ.

ಇಂತಹ ಫಲಕವಿರುವ ಶಾಲೆಯೊಂದರ ಎಲ್‌ಕೆಜಿ ತರಗತಿಯಲ್ಲಿ ನಾವು ಒಂದು ಬೆಳಗ್ಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಸುಮಾರು ನಲವತ್ತು ಮಕ್ಕಳು ಸಾಲಾಗಿ ಕುಳಿತಿದ್ದರು. ಅಧ್ಯಾಪಕಿ ಹಲಗೆಯ ಮೇಲೆ ಇಂಗ್ಲಿಷಿನ ಎಸ್ ಅಕ್ಷರ ಬರೆದರು, ಎಲ್ಲರೂ ಒಂದು ಪುಟ ತುಂಬಬೇಕಿತ್ತು. ಒಂದು ಮಗುವಿನ ಎಸ್ ಪ್ರತಿ ಸಲವೂ ತಿರುವುಮುರುವಾಗಿ ಬರುತ್ತಿತ್ತು. ಅಳಿಸಿ ಅಳಿಸಿ ಕಾಗದ ಹರಿಯಿತು. ಬಾಯಿಯ ಮೇಲೆ ಬೆರಳಿಟ್ಟುಕೊಂಡು ಬಾಗಿಲ ಬಳಿ ನಿಲ್ಲುವಂತೆ ಆ ಮಗುವಿಗೆ ಹೇಳಲಾಯಿತು. ಮೂರೂವರೆ ವರ್ಷದ ಮಗು ಅದು. ಆ ಅಧ್ಯಾಪಕಿಯನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಸಿಗುವ ಸಂಬಳ ಎಷ್ಟೆಂದು ಕೇಳಿದರೆ ನಮಗೇ ನಾಚಿಕೆಯಾಗುತ್ತದೆ. ಕೋಣೆಯ ಮೂಲೆಯ ಗಾಜಿನ ಕಪಾಟಿನಲ್ಲಿ ಬಣ್ಣದ ಮರದ ಘನಗಳು ಅಂದವಾಗಿ ಜೋಡಿಸಲ್ಪಟ್ಟಿದ್ದವು, ಕಪಾಟಿಗೆ ಬೀಗ ಹಾಕಿತ್ತು.

ಆ ಬೀಗದೊಳಗಿನ ಘನಗಳನ್ನು ರೂಪಿಸಿದವರು ಮರಿಯಾ ಮಾಂಟೆಸ್ಸರಿ. 1870ರಲ್ಲಿ ಇಟಲಿಯಲ್ಲಿ ಹುಟ್ಟಿ, ಹೆಣ್ಣುಮಕ್ಕಳು ವೈದ್ಯಕೀಯ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ ವೈದ್ಯೆಯಾದವರು. ಬುದ್ಧಿಮಾಂದ್ಯರೆಂದು ಮೂಲೆಗೆ ತಳ್ಳಲ್ಪಟ್ಟಿದ್ದ ಮಕ್ಕಳೊಂದಿಗೆ ಮೊದಲು ಕೆಲಸ ಮಾಡಿದರು. ಕೈಗೆ ಕೆಲಸ ಕೊಟ್ಟರೆ ಆ ಮಕ್ಕಳ ಬುದ್ಧಿ ಎಚ್ಚರಗೊಳ್ಳುವುದನ್ನು ಕಂಡರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ 'ಮಕ್ಕಳ ಮನೆ' ತೆರೆಯಿತು. ಅಲ್ಲಿಗೆ ಬಂದವರು ಯಾರ ಮಕ್ಕಳು? ಬೆಳಗ್ಗೆ ಕೂಲಿಗೆ ಹೋಗಿ ಸಂಜೆ ಮರಳುವ ಅಪ್ಪ ಅಮ್ಮಂದಿರ ಮಕ್ಕಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಮೆಟ್ಟಿಲು, ಗೋಡೆಗಳನ್ನು ಕೆಡಿಸುತ್ತಿದ್ದ ಸುಮಾರು ಐವತ್ತು ಮಕ್ಕಳನ್ನು ಎಲ್ಲಾದರೂ ಕೂಡಿಹಾಕಿದರೆ ಸುಣ್ಣಬಣ್ಣದ ಖರ್ಚು ಉಳಿಯುತ್ತದೆ ಎಂಬುದು ಕಟ್ಟಡದವರ ಲೆಕ್ಕಾಚಾರವಾಗಿತ್ತು. ಇಂದು ಸಿರಿವಂತರ ಗುರುತಾಗಿರುವ ಹೆಸರು ಹುಟ್ಟಿದ್ದು ಕೂಲಿಕಾರರ ಕೇರಿಯಲ್ಲಿ.

ನಮ್ಮ ನೆಲಕ್ಕೂ ಅವರಿಗೂ ನಂಟಿದೆ. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರೆಯ ಮೇರೆಗೆ ಅವರು ಮಗ ಮಾರಿಯೋ ಜೊತೆ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿದುದರಿಂದ ಬ್ರಿಟಿಷರ ಪಾಲಿಗೆ ಅವರು ಶತ್ರು ದೇಶದವರಾದರು. ಮಗನನ್ನು ಬಂಧಿಸಲಾಯಿತು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದಂದು ಬಿಡುಗಡೆಯಾಯಿತು. ಕೆಲವು ತಿಂಗಳಿಗೆಂದು ಬಂದವರು ಯುದ್ಧ ಮುಗಿಯುವ ತನಕ ಇಲ್ಲೇ ಉಳಿದರು. ಕೊಡೈಕೆನಾಲಿನ ಬೆಟ್ಟದಲ್ಲಿ ಇದ್ದಾಗಲೇ 6ರಿಂದ 12 ವರ್ಷದ ಮಕ್ಕಳ ಶಿಕ್ಷಣದ ಕುರಿತಾದ ಅವರ ಯೋಚನೆ ಬಲಿಯಿತು. ಅಂದರೆ, ಯುಕೆಜಿ ಮುಗಿಸಿದ ಮಗುವಿಗೆ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾದದ್ದು ಇಲ್ಲಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ. ನಮ್ಮ ಫಲಕಗಳು ಮಾತ್ರ ಇನ್ನೂ ಯುಕೆಜಿಯಲ್ಲೇ ನಿಂತಿವೆ.

ಈಗ ವಿಧಾನಕ್ಕೆ ಬರೋಣ. ಮೂರು ವರ್ಷದ ಮಗುವಿಗೆ ಅವರು ಮೊದಲು ಕೊಟ್ಟದ್ದು ಪುಸ್ತಕವನ್ನಲ್ಲ, ಸಣ್ಣ ಹೂಜಿಯನ್ನು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಚೆಲ್ಲದಂತೆ ನೀರು ಸುರಿಯುವುದು, ಗುಂಡಿ ಹಾಕುವುದು, ನೆಲ ಗುಡಿಸುವುದು, ತಟ್ಟೆ ಒರೆಸಿಡುವುದು. ಇದನ್ನೆಲ್ಲ ಮನೆಯಲ್ಲೇ ಕಲಿಯುತ್ತಾರಲ್ಲ, ಇದಕ್ಕೆ ಶಾಲೆ ಏಕೆ ಎಂದು ತಾಯಂದಿರು ಕೇಳಬಹುದು. ಆದರೆ ಮನೆಯಲ್ಲಿ ನಾವು ಮಾಡುವುದೇನು? ಮಗು ನೀರಿನ ಲೋಟಕ್ಕೆ ಕೈ ಹಾಕಿದೊಡನೆ 'ಬಿಡು, ಚೆಲ್ಲುತ್ತೀಯಾ' ಎಂದು ಕಿತ್ತುಕೊಳ್ಳುತ್ತೇವೆ. ಚೆಲ್ಲಿದರೆ ಒರೆಸಲು ಒಂದು ಬಟ್ಟೆಯನ್ನೂ ಮಗುವಿನ ಕೈಗೆಟುಕುವಂತೆ ಇಡುವುದು ಮಾಂಟೆಸ್ಸರಿ ವಿಧಾನ. ಕೈ ಪಳಗುತ್ತದೆ, ಗಮನ ನಿಲ್ಲುತ್ತದೆ, ಶುರು ಮಾಡಿದ್ದನ್ನು ಮುಗಿಸುವ ಅಭ್ಯಾಸ ಬರುತ್ತದೆ. ಪೆನ್ಸಿಲ್ ಹಿಡಿಯಬೇಕಾದ ಮೂರು ಬೆರಳುಗಳು ಸಿದ್ಧವಾಗುವುದು ಹೀಗೆ.

ಆ ಬೀಗದ ಕಪಾಟಿನಲ್ಲಿದ್ದ ಘನಗಳು ಒಟ್ಟು ಹತ್ತು. ಅತಿ ಚಿಕ್ಕದರ ಪ್ರತಿ ಬದಿ ಒಂದು ಸೆಂಟಿಮೀಟರ್, ಅತಿ ದೊಡ್ಡದರದು ಹತ್ತು. ಮಗು ಅವನ್ನು ಗೋಪುರವಾಗಿ ಪೇರಿಸುತ್ತದೆ. ಕ್ರಮ ತಪ್ಪಿದರೆ ಗೋಪುರವೇ ತಪ್ಪನ್ನು ತೋರಿಸುತ್ತದೆ, ಗುರುಗಳು ಗದರಬೇಕಾಗಿಲ್ಲ. ಪ್ರತಿಯೊಂದು ಸಾಧನವೂ ಕೋಣೆಯಲ್ಲಿ ಒಂದೇ ಇರುತ್ತದೆ, ಬೇಕಾದವರು ತಮ್ಮ ಸರದಿಗೆ ಕಾಯುತ್ತಾರೆ. ಮೂರು, ನಾಲ್ಕು, ಐದು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ. ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಾರೆ, ಚಿಕ್ಕವರಿಗೆ ತೋರಿಸಿಕೊಡುತ್ತಾ ದೊಡ್ಡವರ ಕಲಿಕೆ ಗಟ್ಟಿಯಾಗುತ್ತದೆ. ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಲೆಕ್ಕಕ್ಕೆ ಮಣಿಗಳಿವೆ: ಬಿಡಿ ಮಣಿ ಒಂದು, ಹತ್ತು ಮಣಿಗಳ ಸರ, ನೂರು ಮಣಿಗಳ ಚೌಕ, ಸಾವಿರ ಮಣಿಗಳ ಘನ. ಸಾವಿರವೆಂದರೆ ಎಷ್ಟು ಭಾರವೆಂದು ಐದು ವರ್ಷದ ಮಗು ಎರಡೂ ಕೈಗಳಲ್ಲಿ ಹಿಡಿದು ತಿಳಿಯುತ್ತದೆ. ನಮ್ಮಲ್ಲಿ ಅನೇಕರು ಎಸ್ಸೆಸ್ಸೆಲ್ಸಿ ಮುಗಿಸಿದರೂ ಸೊನ್ನೆಗಳನ್ನು ಎಣಿಸಿಯೇ ಸಾವಿರವನ್ನು ಗುರುತಿಸುವವರು.

ಅಕ್ಷರದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ನಮ್ಮ ಮಕ್ಕಳ ಹೊರೆ ಇಲ್ಲಿಯೇ ಇದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮಕ್ತಬ್‌ನಲ್ಲಿ ಅರಬಿ. ನಾಲ್ಕು ವರ್ಷದ ಮಗುವಿನ ಮುಂದೆ ನಾಲ್ಕು ಭಾಷೆಗಳು, ಮೂರು ಲಿಪಿಗಳು. ಎರಡು ಲಿಪಿಗಳು ಎಡದಿಂದ ಬಲಕ್ಕೆ ಓಡುತ್ತವೆ, ಒಂದು ಬಲದಿಂದ ಎಡಕ್ಕೆ. ಎಸ್ ತಿರುವುಮುರುವಾದುದರಲ್ಲಿ ಆಶ್ಚರ್ಯವೇನಿದೆ? ಮಾಂಟೆಸ್ಸರಿಯವರು ಬಡಗಿಗಳು ಮರ ಉಜ್ಜುವ ಮರಳು ಕಾಗದದಿಂದ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿದರು. ಮಗು ಬೆರಳಿನಿಂದ ಅಕ್ಷರವನ್ನು ಸವರುತ್ತದೆ, ಸವರುತ್ತಲೇ ಅದರ ಧ್ವನಿಯನ್ನು ಕೇಳಿ ನುಡಿಯುತ್ತದೆ. ಅಕ್ಷರದ ಹೆಸರನ್ನಲ್ಲ, ಧ್ವನಿಯನ್ನು. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕಲಿಯುತ್ತವೆ. ಹೀಗೆ ಕಲಿತ ಮಕ್ಕಳು ಒಂದು ದಿನ ಯಾರೂ ಹೇಳದೆಯೇ ಬರೆಯತೊಡಗಿದರು. ಓದು ಬರಹ ಬಾರದ ತಾಯಂದಿರು ಬಂದು ತಮ್ಮ ಮಕ್ಕಳಿಗೆ ಬರೆಯಲು ಕಲಿಸಿ ಎಂದು ಮಾಂಟೆಸ್ಸರಿಯವರನ್ನು ಬೇಡಿಕೊಂಡದ್ದೂ ಸಾನ್ ಲೊರೆಂಜೊದಲ್ಲೇ.

ಉರ್ದುವಿಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಬೇ, ಪೇ, ತೇ, ಸೇ ಇವೆಲ್ಲವೂ ದೋಣಿಯಂತಹ ಒಂದೇ ಆಕಾರ. ಕೆಳಗೆ ಒಂದು ಚುಕ್ಕೆಯಿದ್ದರೆ ಬೇ, ಕೆಳಗೆ ಮೂರಿದ್ದರೆ ಪೇ, ಮೇಲೆ ಎರಡಿದ್ದರೆ ತೇ, ಮೇಲೆ ಮೂರಿದ್ದರೆ ಸೇ. ದೋಣಿಯನ್ನು ಒಮ್ಮೆ ಬೆರಳಿಗೆ ಕಲಿಸಿ, ಚುಕ್ಕೆಗೆ ಹುಣಸೆ ಬೀಜ ಇಡಲು ಹೇಳಿದರೆ ನಾಲ್ಕು ಅಕ್ಷರಗಳು ಆಟದಲ್ಲೇ ಬಂದವು. ಇದಕ್ಕೆ ಶುಲ್ಕ ಕಟ್ಟಬೇಕೇ? ಹುಣಸೂರಿನ ಮರದ ಮಿಲ್ಲುಗಳಲ್ಲಿ ದಿನವೂ ಬೀಳುವ ತುಂಡು ಹಲಗೆಗಳು, ಒಂದು ಹಾಳೆ ಮರಳು ಕಾಗದ, ಸ್ವಲ್ಪ ಅಂಟು ಸಾಕು. ನಮ್ಮ ಸಮುದಾಯದಲ್ಲಿ ಬಡಗಿಗಳಿಗೆ ಎಂದಾದರೂ ಕೊರತೆಯಿತ್ತೇ?

ಮಕ್ತಬ್ ಬಗ್ಗೆಯೂ ಒಂದು ಮಾತು. ಹಳೆಯ ಮಕ್ತಬ್‌ಗಳಲ್ಲಿ ಪ್ರತಿ ಮಗುವಿಗೂ ತನ್ನದೇ ಸಬಕ್ ಇರುತ್ತಿತ್ತು. ಒಬ್ಬರ ಪಾಠ ಮುಂದೆ, ಇನ್ನೊಬ್ಬರದು ಹಿಂದೆ. ದೊಡ್ಡ ಮಕ್ಕಳು ಚಿಕ್ಕವರ ಪಾಠ ಕೇಳಿಸಿಕೊಳ್ಳುತ್ತಿದ್ದರು. ಬೇರೆ ಬೇರೆ ವಯಸ್ಸಿನವರು ಒಂದೇ ಚಾಪೆಯ ಮೇಲೆ, ಅವರವರ ವೇಗದಲ್ಲಿ ಕಲಿಯುವ ಈ ಪದ್ಧತಿ ಮಾಂಟೆಸ್ಸರಿಗೆ ಬಹಳ ಹತ್ತಿರದ್ದು. ದೂರವಿರುವುದು ಕೋಲು. ನಾಲ್ಕು ವರ್ಷದ ಮಗುವಿಗೆ ಬೆತ್ತ ತೋರಿಸಿ ಕಲಿಸುವ ಅಭ್ಯಾಸ ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ನಿಲ್ಲಿಸುವ ಹೊಣೆ ಮಸೀದಿ ಕಮಿಟಿಗಳ ಮೇಲಿದೆ. ಹಜರತ್‌ರವರ ಮೇಲಿನ ಗೌರವ ಈ ಮಾತಿಗೆ ಅಡ್ಡಿಯಾಗಬಾರದು.

ಮಾತೃಭಾಷೆಯಲ್ಲಿ ಕಲಿತರೆ ಮಗು ಹಿಂದುಳಿಯುತ್ತದೆ ಎನ್ನುವವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯತ್ತ ಒಮ್ಮೆ ನೋಡಬೇಕು. ದೇಶ ಕಳೆದುಕೊಂಡ ಟಿಬೆಟನ್ನರು 1960ರ ದಶಕದ ಆರಂಭದಲ್ಲಿ ಅಲ್ಲಿ ಕಾಡು ಕಡಿದು ನೆಲೆ ನಿಂತರು. ಅವರ ಟಿಬೆಟನ್ ಮಕ್ಕಳ ಗ್ರಾಮ ಸಂಸ್ಥೆ ತನ್ನ ಎಳೆಯರ ತರಗತಿಗಳಲ್ಲಿ ಮಾಂಟೆಸ್ಸರಿ ವಿಧಾನವನ್ನು ಟಿಬೆಟನ್ ಭಾಷೆಯಲ್ಲೇ ಬಳಸಿತು. ಬೈಲಕುಪ್ಪೆಯಲ್ಲೂ ಆ ಸಂಸ್ಥೆಯ ಶಾಲೆಯಿದೆ. 2004ರಲ್ಲಿ ದೇಶಭ್ರಷ್ಟ ಟಿಬೆಟನ್ ಆಡಳಿತ ರೂಪಿಸಿದ ಶಿಕ್ಷಣ ನೀತಿಯು ಪ್ರಾಥಮಿಕ ಹಂತಕ್ಕೆ ಮಾತೃಭಾಷೆಯನ್ನೇ ಮಾಧ್ಯಮವಾಗಿಸಿತು. ಇಂಗ್ಲಿಷ್ ಆಮೇಲೆ ಬಂತು, ಚೆನ್ನಾಗಿಯೇ ಬಂತು. ಅಲ್ಪಸಂಖ್ಯಾತರ ಭಾಷೆ ಉಳಿಯಬೇಕಾದರೆ ಸಭೆಗಳಲ್ಲಿ ಠರಾವು ಮಂಡಿಸಿದರೆ ಸಾಲದು, ಮೂರು ವರ್ಷದ ಮಗುವಿನ ಬೆರಳ ತುದಿಗೆ ಆ ಭಾಷೆ ತಲುಪಬೇಕು ಎಂಬುದನ್ನು ಅವರು ಅರಿತಿದ್ದರು.

ನಿಜವಾದ ಮಾಂಟೆಸ್ಸರಿ ನಮ್ಮ ಪಟ್ಟಣಗಳಲ್ಲಿ ಎಲ್ಲಿದೆ ಎಂದು ಕೇಳಿದರೆ ನಮ್ಮ ಉತ್ತರ ನಿಮಗೆ ವಿಚಿತ್ರವೆನಿಸಬಹುದು. ಅದರ ಒಂದು ಕವಲು ನಮ್ಮ ಬೀದಿಯ ಅಂಗನವಾಡಿಯಲ್ಲಿದೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿ ಬಿಟ್ಟು 1920ರಲ್ಲಿ ಬಾಲಮಂದಿರ ತೆರೆದರು. ಮಾಂಟೆಸ್ಸರಿ ಬರಹಗಳಿಂದ ಪ್ರೇರಿತರಾಗಿದ್ದ ಅವರು ಸಾಧನಗಳನ್ನು ಭಾರತದ ಮನೆಗಳಿಗೆ ತಕ್ಕಂತೆ ಬದಲಿಸಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡ್ ಗ್ರಾಮಗಳಿಗೆ ಹೋಗಿ, ಅನುತಾಯಿ ವಾಘ್ ಅವರೊಂದಿಗೆ ಆದಿವಾಸಿ ಮಕ್ಕಳಿಗಾಗಿ ಶಾಲೆ ಕಟ್ಟಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಬೀಜ, ಚಿಪ್ಪು, ಕಲ್ಲು, ಎಲೆಗಳೇ ಅಲ್ಲಿ ಕಲಿಕೆಯ ಸಾಧನಗಳಾದವು. ಅಂಗನವಾಡಿ ಎಂಬ ಕಲ್ಪನೆ ಬೆಳೆದದ್ದು ಅಲ್ಲಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ನಮ್ಮದೇ ಜಿಲ್ಲೆಯ ಟಿ. ನರಸೀಪುರ.

ಹೀಗಿರುವಾಗ ಅಂಗನವಾಡಿ ಎಂದರೆ ಮೊಟ್ಟೆ ಮತ್ತು ಪೌಷ್ಟಿಕ ಆಹಾರದ ಪೊಟ್ಟಣ ಪಡೆಯುವ ಸ್ಥಳವೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಅಲ್ಲಿ 'ಚಿಲಿಪಿಲಿ' ಎಂಬ ಶಾಲಾಪೂರ್ವ ಪಾಠಕ್ರಮವಿದೆ. ಹೆತ್ತವರನ್ನೊಳಗೊಂಡ ಬಾಲವಿಕಾಸ ಸಮಿತಿಯೂ ಇದೆ. ನಮ್ಮ ಮೊಹಲ್ಲಾಗಳ ಎಷ್ಟು ತಾಯಂದಿರು ಆ ಸಮಿತಿಯ ಸಭೆಗೆ ಹೋಗಿದ್ದಾರೆ? ಸರ್ಕಾರದ ತಪ್ಪುಗಳನ್ನೂ ಹೇಳಲೇಬೇಕು. ಸಮೀಕ್ಷೆ, ಚುನಾವಣಾ ಕೆಲಸ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಎಂದು ಕಾರ್ಯಕರ್ತೆಯರ ಹೆಗಲ ಮೇಲೆ ಎಲ್ಲವನ್ನೂ ಹೇರಿ, ಕೊಡುವ ಹಣವನ್ನು ಮಾತ್ರ ಸಂಬಳವೆನ್ನದೆ ಗೌರವಧನವೆನ್ನುತ್ತದೆ. 2024ರಲ್ಲಿ ರಾಜ್ಯ ಸರ್ಕಾರವು ಬೆಂಗಳೂರಿನಿಂದ ಆರಂಭಿಸಿ ಕೆಲವು ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಎಂದು ಹೆಸರಿಟ್ಟು ಎಲ್‌ಕೆಜಿ, ಯುಕೆಜಿ ತೆರೆಯಿತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಆರಂಭಿಸುವ ನಿರ್ಧಾರದ ವಿರುದ್ಧ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದ ನಂತರದ ಹೆಜ್ಜೆಯಿದು. ಹೆಸರು ಒಳ್ಳೆಯದೇ. ಆದರೆ ಆ ಹೆಸರು ಯಾರ ಸ್ವತ್ತೂ ಅಲ್ಲ ಎಂದು ಅಮೆರಿಕದಲ್ಲಿ 1967ರಷ್ಟು ಹಿಂದೆಯೇ ತೀರ್ಮಾನವಾಗಿದೆ, ಯಾರು ಬೇಕಾದರೂ ಫಲಕದಲ್ಲಿ ಬರೆಯಬಹುದು. ಸರ್ಕಾರವೂ ಫಲಕಕ್ಕೇ ನಿಲ್ಲುತ್ತದೋ, ಕಾರ್ಯಕರ್ತೆಯರಿಗೆ ತರಬೇತಿ, ಸಾಧನ, ನ್ಯಾಯವಾದ ವೇತನ ಕೊಡುತ್ತದೋ ಎಂಬುದನ್ನು ಗಮನಿಸುವವರು ನಾವಾಗಬೇಕು.

ಆರು ವರ್ಷದ ನಂತರ ಮಗುವಿನ ಸ್ವಭಾವವೇ ಬದಲಾಗುತ್ತದೆ ಎಂದು ಮಾಂಟೆಸ್ಸರಿಯವರು ಗುರುತಿಸಿದ್ದರು. ಮೂರರ ಮಗು 'ಇದೇನು' ಎಂದರೆ ಏಳರ ಮಗು 'ಏಕೆ' ಎನ್ನುತ್ತದೆ. ಗೆಳೆಯರ ಗುಂಪು ಬೇಕೆನ್ನುತ್ತದೆ, ನ್ಯಾಯ ಅನ್ಯಾಯದ ಪ್ರಶ್ನೆ ಎತ್ತುತ್ತದೆ. ಈ ವಯಸ್ಸಿಗೆ ಅವರು ಭೂಮಿಯ ಹುಟ್ಟು, ಜೀವಿಗಳ ಬರವು, ಮನುಷ್ಯರು, ಅಕ್ಷರ, ಅಂಕೆ ಇವುಗಳ ದೊಡ್ಡ ಕಥೆಗಳನ್ನು ಹೇಳಿ, ಅಲ್ಲಿಂದ ಮಕ್ಕಳೇ ಹುಡುಕಿಕೊಂಡು ಹೊರಡುವಂತೆ ಮಾಡಿದರು. ನಮ್ಮಲ್ಲಿ ಇದೇ ವಯಸ್ಸಿಗೆ ಬೆಂಚು, ಸಾಲು, ಗೈಡು ಪುಸ್ತಕ.

ಆದರೆ ಇಲ್ಲಿಯೂ ನಮ್ಮ ಮಣ್ಣಿನದೇ ಒಂದು ಸಂಗತಿಯಿದೆ, ಅದನ್ನು ನಾವು ಹೆಮ್ಮೆಯಿಂದ ಹೇಳಬೇಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಸಮೀಪದ ಋಷಿ ಕಣಿವೆಗೆ ಹೋದರು. ಅಲ್ಲಿನ ಗ್ರಾಮಶಾಲೆಗಳಲ್ಲಿ ಒಬ್ಬರೇ ಗುರುಗಳು ಹಲವು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದನ್ನು ಕಂಡು ಬಂದು, ಯುನಿಸೆಫ್ ನೆರವಿನಿಂದ ತಾವೇ ಕಾರ್ಡುಗಳನ್ನು ರಚಿಸಿದರು. ಅದೇ 'ನಲಿ-ಕಲಿ'. ಕಾಡಂಚಿನ ಹಾಡಿಗಳ, ಕಬಿನಿ ತೀರದ ಊರುಗಳ ಶಾಲೆಗಳಲ್ಲಿ ಹುಟ್ಟಿದ ಈ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಕಿರಿಯ ಪ್ರಾಥಮಿಕ ತರಗತಿಗಳಿಗೆಲ್ಲ ಹರಡಿತು. ಮುಂದೆ ಉರ್ದು ಶಾಲೆಗಳಿಗೂ ಅದರ ಸಾಮಗ್ರಿ ಬಂತು.

ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕೂಡಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ, ಪ್ರತಿ ಮಗುವಿಗೂ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ತಿಳಿದಿರುತ್ತದೆ. ಗುರುಗಳ ಪೂರ್ಣ ನೆರವು ಬೇಕಾದವರು ಒಂದು ಗುಂಪು, ಸ್ವಲ್ಪ ನೆರವು ಸಾಕೆನ್ನುವವರು ಇನ್ನೊಂದು, ಜೊತೆಯವರಿಂದ ಕಲಿಯುವವರು ಮತ್ತೆರಡು, ತಾವಾಗಿಯೇ ಕಲಿಯುವವರು ಕೊನೆಯದು, ಹೀಗೆ ಐದು ಗುಂಪುಗಳು. ಅಕ್ಷರ ಕಲಿಕೆ ಅ ಆ ಇ ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಸಾಗುವುದಿಲ್ಲ, ರ ಗ ಸ ದ ಎಂದು ಬರೆಯಲು ಸುಲಭವಾದ ಅಕ್ಷರಗಳಿಂದ ಶುರುವಾಗುತ್ತದೆ. ರೋಗ ಬಂದು ಒಂದು ವಾರ ತಪ್ಪಿಸಿಕೊಂಡ ಮಗು, ಸುಗ್ಗಿಗೆ ಹೋಗಿ ಬಂದ ಮಗು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಇದು ಮಾಂಟೆಸ್ಸರಿ ಅಲ್ಲ, ಆದರೆ ಅದರ ಹತ್ತಿರದ ಬಂಧು. ನಮ್ಮ ಪಟ್ಟಣಗಳ ಅನೇಕ 'ಮಾಂಟೆಸ್ಸರಿ' ಶಾಲೆಗಳಿಗಿಂತ ಬಹಳ ಹತ್ತಿರ. ಆದರೆ ನಾವು ಮಾಡಿದ್ದೇನು? ನಲಿ-ಕಲಿಯಲ್ಲಿ ಬರೀ ಆಟ, ಪಾಠವೇ ಇಲ್ಲ ಎಂದು ಮಕ್ಕಳನ್ನು ಬಿಡಿಸಿದೆವು. ಮಕ್ಕಳು ಕಡಿಮೆಯಾದರೆಂದು ಶಿಕ್ಷಕರ ಹುದ್ದೆಗಳು ಹೋದವು, ಶಿಕ್ಷಕರಿಲ್ಲವೆಂದು ಉಳಿದ ಮಕ್ಕಳೂ ಹೋದರು. ಮಾಸಿದ ಕಾರ್ಡುಗಳನ್ನು ಬದಲಿಸದೆ, ಒಂದು ತಾಲ್ಲೂಕಿನ ಶಿಕ್ಷಕರ ಉತ್ಸಾಹವನ್ನು ರಾಜ್ಯದ ಸುತ್ತೋಲೆಯಾಗಿಸಿದ ಇಲಾಖೆಯ ಪಾಲೂ ಇದರಲ್ಲಿದೆ.

ಇನ್ನು ಹನ್ನೆರಡರಿಂದ ಹದಿನೆಂಟರ ವಯಸ್ಸು. ನಮ್ಮ ಮಕ್ಕಳು ಕೈತಪ್ಪುವುದು ಇಲ್ಲಿಯೇ. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನೂರಕ್ಕೆ 25 ಮಕ್ಕಳು ಶಾಲೆಯ ಮುಖವನ್ನೇ ನೋಡಿರಲಿಲ್ಲ ಅಥವಾ ನಡುವೆ ಬಿಟ್ಟಿದ್ದರು ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತ್ತು. ಅದು ದೇಶದ ಲೆಕ್ಕ, ಹಳೆಯ ಲೆಕ್ಕ. ಆದರೆ ಎಂಟನೆಯ ತರಗತಿಗೆ ಗ್ಯಾರೇಜು ಸೇರಿದ ಹುಡುಗರ, ಹತ್ತನೆಯದಕ್ಕೆ ಮನೆ ಸೇರಿದ ಹುಡುಗಿಯರ ಹೆಸರುಗಳನ್ನು ಇಲ್ಲಿ ಕುಳಿತಿರುವ ಪ್ರತಿಯೊಬ್ಬರೂ ಹೇಳಬಲ್ಲರು. 2022ರ ಹಿಜಾಬ್ ವಿವಾದವು ಹೆಣ್ಣುಮಕ್ಕಳ ದಾರಿಯನ್ನು ಇನ್ನಷ್ಟು ಕಷ್ಟವಾಗಿಸಿತು. ಆದರೆ ಅದಕ್ಕೂ ಮುಂಚೆ ಆ ದಾರಿಯನ್ನು ಕಿರಿದು ಮಾಡಿಟ್ಟವರಲ್ಲಿ ನಮ್ಮ ಮನೆಯವರೂ ಇದ್ದರು ಎಂಬುದನ್ನು ಮರೆಯಬಾರದು.

ಈ ವಯಸ್ಸಿನವರನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸುವುದು ಅವರ ಮೈಮನಸ್ಸಿಗೆ ವಿರುದ್ಧವೆಂದು ಮಾಂಟೆಸ್ಸರಿಯವರು ವಾದಿಸಿದರು. 'ನೆಲದ ಮಕ್ಕಳು' ಎಂಬ ಅರ್ಥದ ಒಂದು ಜರ್ಮನ್ ಹೆಸರನ್ನು ಆ ಯೋಜನೆಗೆ ಇಟ್ಟರು. ಹದಿಹರೆಯದವರು ಒಂದು ಜಮೀನಿನಲ್ಲಿದ್ದು ಬೆಳೆ ಬೆಳೆಯಬೇಕು, ಬೆಳೆದುದನ್ನು ಅಂಗಡಿಯಿಟ್ಟು ಮಾರಬೇಕು, ಲೆಕ್ಕ ಬರೆಯಬೇಕು. ವಿಜ್ಞಾನ, ಇತಿಹಾಸ, ಗಣಿತ ಇದೇ ಕೆಲಸದೊಳಗಿಂದ ಬರಬೇಕು. ತನ್ನ ದುಡಿಮೆಗೆ ಸಮಾಜದಲ್ಲಿ ಬೆಲೆಯಿದೆ ಎಂಬ ಅನುಭವವೇ ಈ ವಯಸ್ಸಿನ ಹಸಿವು ಎಂದರು.

ಇದನ್ನು ಕೇಳಿದೊಡನೆ ನಮ್ಮ ಭಾಗದವರು ನಗಬಹುದು. ನಮ್ಮ ಮಕ್ಕಳು ಹೊಲದಲ್ಲೇ ಇದ್ದಾರಲ್ಲ! ಈ ನಾಲ್ಕೂ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆ. ಮುಂಗಾರಿನ ಮೊದಲ ಮಳೆಗೆ ಸಸಿ ನೆಡುತ್ತಾರೆ, ಸೊಪ್ಪು ಬಲಿತ ಮೇಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗಳಲ್ಲಿ ಬೆಂಕಿಯ ಶಾಖಕ್ಕೆ ಹದ ಮಾಡಿ, ಹರಾಜು ಮಾರುಕಟ್ಟೆಗೆ ಒಯ್ಯುತ್ತಾರೆ. ಸೊಪ್ಪು ಕಟ್ಟುವ ದಿನಗಳಲ್ಲಿ ಹಳ್ಳಿ ಶಾಲೆಗಳ ಹಾಜರಿ ಇಳಿಯುವುದು ಶಿಕ್ಷಕರೆಲ್ಲ ಬಲ್ಲ ಸಂಗತಿ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಇಳಿದು ತಲೆ ಸುತ್ತಿ ವಾಂತಿಯಾಗುವುದೂ ಉಂಟು. 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 2016ರ ಕಾನೂನು ತಿದ್ದುಪಡಿ ಹೇಳಿತು. ಆದರೆ ಶಾಲೆಯ ಸಮಯದ ಹೊರಗೆ ಮನೆಯವರಿಗೆ ನೆರವಾಗಬಹುದೆಂಬ ಬಾಗಿಲನ್ನೂ ತೆರೆದಿಟ್ಟಿತು. ಆ ಬಾಗಿಲಿನಿಂದ ಎಷ್ಟು ಮಕ್ಕಳು ಹೊರಬಿದ್ದರೋ.

ಕೆಲಸದಿಂದ ಕಲಿಯುವುದಕ್ಕೂ ಕೂಲಿಗೆ ದುಡಿಯುವುದಕ್ಕೂ ಇರುವ ಅಂತರ ಒಂದು ಪುಸ್ತಕದಲ್ಲಿದೆ. ಅದು ಲೆಕ್ಕದ ಪುಸ್ತಕ. ಕಡ್ಡಿಗೆ ಸೊಪ್ಪು ಕಟ್ಟುವ ಹುಡುಗಿಗೆ ಆ ಸೊಪ್ಪಿನ ದರ್ಜೆ ಏನು, ಕಿಲೋಗೆ ಎಷ್ಟಾಯಿತು, ಸೌದೆಗೆ ಎಷ್ಟು ಹೋಯಿತು, ಅದೇ ಹೊಲದಲ್ಲಿ ಬೇರೆ ಬೆಳೆ ಹಾಕಿದ್ದರೆ ಏನು ಉಳಿಯುತ್ತಿತ್ತು ಎಂದು ಯಾರೂ ತೋರಿಸುವುದಿಲ್ಲ. ಗ್ಯಾರೇಜಿನ ಹುಡುಗನಿಗೆ ಸ್ಪ್ಯಾನರ್ ಅಳತೆ ಗೊತ್ತು, ಎಂಜಿನ್ನಿನೊಳಗೆ ಬೆಂಕಿ ಏಕೆ ಹೊತ್ತಿಕೊಳ್ಳುತ್ತದೆ ಎಂದು ಯಾರೂ ಹೇಳಿಲ್ಲ. ಆತನನ್ನು ಪ್ರೌಢಶಾಲೆಯಲ್ಲೇ ಇಟ್ಟು, ವಾರಕ್ಕೆ ಒಂದು ದಿನ ಗ್ಯಾರೇಜನ್ನೇ ಪ್ರಯೋಗಾಲಯ ಮಾಡಿಕೊಳ್ಳುವುದು ಅಸಾಧ್ಯವೇ? ಕೆ.ಆರ್. ನಗರದ ಭತ್ತದ ಗದ್ದೆಗೆ ಕಾವೇರಿ ನಾಲೆಯ ನೀರು ಹೇಗೆ ಬರುತ್ತದೆಂದು ಅಳೆದು ನೋಡಿದ ಮಕ್ಕಳಿಗೆ ಭೂಗೋಳದ ಪಾಠ ಬೇರೆ ಬೇಕೇ? ಎಚ್.ಡಿ. ಕೋಟೆ ಭಾಗದ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯವರು ಗಿರಿಜನ ಮಕ್ಕಳಿಗಾಗಿ ಶಾಲೆ ನಡೆಸುತ್ತಾ ಬಂದಿದ್ದಾರೆ. ಕಾಡಿನ ಮಕ್ಕಳನ್ನು ಕಾಡಿನಿಂದ ಕೀಳದೆ ಕಲಿಸುವ ಅವರ ಪ್ರಯತ್ನದಿಂದ ನಾವು ಕಲಿಯುವುದಿದೆ. ಸಂಸ್ಥೆಯ ಹೆಸರು ನೋಡಿ ಹಿಂದೆ ಸರಿಯಬೇಕಾಗಿಲ್ಲ.

ಕೊನೆಗೆ ಎಸ್ಸೆಸ್ಸೆಲ್ಸಿ ಬರೆಯಲೇಬೇಕಲ್ಲ ಎಂದು ನೀವು ಕೇಳುತ್ತೀರಿ. ಹೌದು, ಬರೆಯಲೇಬೇಕು. ಆಮ್‌ಸ್ಟರ್‌ಡ್ಯಾಮಿನಲ್ಲಿ 1930ರಲ್ಲಿ ಆರಂಭವಾದ ಮಾಂಟೆಸ್ಸರಿ ಪ್ರೌಢಶಾಲೆಯ ಮಕ್ಕಳೂ ಕೊನೆಯಲ್ಲಿ ಆ ದೇಶದ ಎಲ್ಲರಂತೆ ಸರ್ಕಾರಿ ಪರೀಕ್ಷೆಯನ್ನೇ ಬರೆಯುತ್ತಾರೆ. ಮಾಂಟೆಸ್ಸರಿ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ. ಎಲ್ಲ ಕಾಯಿಲೆಗೂ ಅದೊಂದೇ ಮದ್ದೂ ಅಲ್ಲ. ಪೂರ್ಣ ಪ್ರಮಾಣದ ಸಾಧನಗಳಿಗೆ ಹಣ ಬೇಕು, ತರಬೇತಿ ಪಡೆದ ಗುರುಗಳು ಬೇಕು. ಹನ್ನೆರಡರ ನಂತರದ ಹಂತವನ್ನು ನಿಜವಾಗಿ ನಡೆಸುವ ಶಾಲೆಗಳು ಜಗತ್ತಿನಲ್ಲೇ ಕಡಿಮೆ. 1931ರಲ್ಲಿ ಲಂಡನ್ನಿನ ಮಾಂಟೆಸ್ಸರಿ ತರಬೇತಿ ಕಾಲೇಜಿನಲ್ಲಿ ಮಾತನಾಡಿದ ಗಾಂಧೀಜಿಯವರು, ಈ ಶಿಕ್ಷಣ ಉಳ್ಳವರ ಮಕ್ಕಳಿಗಷ್ಟೇ ಅಲ್ಲದೆ ಕಡುಬಡವರ ಮಕ್ಕಳಿಗೂ ದೊರೆಯಲಿ ಎಂದು ಆಶಿಸಿದ್ದರು. ಆ ಆಸೆ ಅರ್ಧವೂ ಈಡೇರಿಲ್ಲ.

ಆದ್ದರಿಂದ ಹೊಸ ಶಾಲೆ ಕಟ್ಟಿ ಎಂದು ನಾವು ಹೇಳುವುದಿಲ್ಲ, ಚಂದಾ ಎತ್ತಿ ಎಂದೂ ಹೇಳುವುದಿಲ್ಲ. ಫಲಕ ನೋಡಿ ಹಣ ಕಟ್ಟುವ ಮುನ್ನ ಆ ಶಾಲೆಯಲ್ಲಿ ಒಂದು ಗಂಟೆ ಕೂರಲು ಬಿಡುತ್ತೀರಾ ಎಂದು ಕೇಳಿ. ಮೂರು ವಯಸ್ಸಿನ ಮಕ್ಕಳು ಒಟ್ಟಿಗಿದ್ದಾರೆಯೇ, ಕಪಾಟಿಗೆ ಬೀಗವಿದೆಯೇ, ಗುರುಗಳು ಎಲ್ಲಿ ತರಬೇತಿ ಪಡೆದರು, ಹೋಮ್‌ವರ್ಕ್ ಎಷ್ಟು ಎಂದು ವಿಚಾರಿಸಿ. ಕೂರಲು ಬಿಡದಿದ್ದರೆ ಬೇರೆ ಉತ್ತರ ಬೇಕಾಗಿಲ್ಲ. ನಮ್ಮ ಜಮಾಅತ್‌ಗಳಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳಲ್ಲಿ ಇಬ್ಬರು ಮೂವರನ್ನು ಪೂರ್ವ ಪ್ರಾಥಮಿಕ ತರಬೇತಿಗೆ ಮೈಸೂರಿಗೆ ಕಳುಹಿಸುವ ವೆಚ್ಚವು ಒಂದು ಮದುವೆಯ ಶಾಮಿಯಾನಕ್ಕಿಂತ ಹೆಚ್ಚಾಗದು. ಅವರು ಮರಳಿದ ಮೇಲೆ ಮಸೀದಿಯ ಪಕ್ಕದ ಕೋಣೆ ಬೆಳಗಿನ ಹೊತ್ತು ಖಾಲಿಯೇ ಇರುತ್ತದೆ. ಬಡಗಿ ಸಹೋದರರು ಹತ್ತು ಘನಗಳ ಅಳತೆಯನ್ನು ಈಗಲೇ ಬರೆದುಕೊಳ್ಳಿ: ಒಂದು ಸೆಂಟಿಮೀಟರಿನಿಂದ ಹತ್ತರ ತನಕ, ಅಂಚು ಚೆನ್ನಾಗಿ ಉಜ್ಜಿರಬೇಕು. ಉರ್ದು ಶಾಲೆಗಳ ಶಾಲಾಭಿವೃದ್ಧಿ ಸಮಿತಿಯಲ್ಲಿರುವವರು ನಲಿ-ಕಲಿ ಕಾರ್ಡುಗಳ ಸ್ಥಿತಿ ಏನಾಗಿದೆಯೆಂದು ನೋಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಾಯಂದಿರು ನಾಳೆ ಬೆಳಗ್ಗೆ ತಮ್ಮ ಬೀದಿಯ ಅಂಗನವಾಡಿಗೆ ಹೋಗಿ, ಬಾಲವಿಕಾಸ ಸಮಿತಿಯ ಮುಂದಿನ ಸಭೆ ಯಾವ ದಿನ ಎಂದು ಕೇಳಿ ಬನ್ನಿ.